ಪೆಸಿಫಿಕೊ, ಕ್ಯಾವಿಯಟ್: ಯಾವುದು ಎಲ್ಲಿಗೆ?

ಎರಡೂ ಕೈಬರಹದಂತೆ ಕಾಣುವ ಫಾಂಟ್‌ಗಳು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಪೆಸಿಫಿಕೊ ದಪ್ಪ ಕುಂಚದಲ್ಲಿ ಬರೆದಂತಿದೆ: ದುಂಡಗೆ, ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು. 1950ರ ದಶಕದ ಅಮೆರಿಕದ ಸರ್ಫಿಂಗ್ ಸಂಸ್ಕೃತಿ ಅದಕ್ಕೆ ಪ್ರೇರಣೆ. ಅಂಗಡಿ ಬೋರ್ಡು, ಲೋಗೊ, ಎರಡು ಮೂರು ಪದಗಳ ಶೀರ್ಷಿಕೆಗೆ ಅದೇ ಸರಿ. ಆದರೆ ಇರುವುದು ಒಂದೇ ದಪ್ಪ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಕೂಡುಗೆರೆ ತುಂಡಾಗುತ್ತದೆ. ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಹಾಕಿದರೆ ಓದಲು ತ್ರಾಸ.

ಕ್ಯಾವಿಯಟ್ ಪೆನ್ನಿನ ಬರಹ. ರೆಗ್ಯುಲರ್‌ನಿಂದ ಬೋಲ್ಡ್‌ವರೆಗೆ 4 ದಪ್ಪಗಳಿವೆ. ಪಕ್ಕದ ಅಕ್ಷರಕ್ಕೆ ತಕ್ಕಂತೆ ರೂಪ ಬದಲಾಗುವುದರಿಂದ ನಿಜವಾದ ಕೈಬರಹ ಅನಿಸುತ್ತದೆ; ಇದಕ್ಕೆ ‘ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್’ ಎಂಬ ಸೆಟ್ಟಿಂಗ್ ಆನ್ ಇರಬೇಕು. ಟಿಪ್ಪಣಿ, ಚಿತ್ರದ ಅಡಿಬರಹಕ್ಕೆ ಬಹಳ ಚೆನ್ನ. ಅಕ್ಷರ ಚಿಕ್ಕದಾಗಿ ಕಾಣುತ್ತದೆ, ಗಾತ್ರ ಸ್ವಲ್ಪ ಏರಿಸಿ.

ಎರಡರಲ್ಲೂ ಕನ್ನಡ ಲಿಪಿ ಇಲ್ಲ! ಕನ್ನಡದಲ್ಲಿ ಟೈಪಿಸಿದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಪೆಸಿಫಿಕೊ ಜೊತೆಗೆ ದುಂಡನೆಯ ಕನ್ನಡ ಫಾಂಟ್ ಬಾಲೂ ತಮ್ಮ 2 ಹೊಂದುತ್ತದೆ.