ಸಾದಾ ಪೆಟ್ರೋಲಾ, 95ರದ್ದಾ, 100ರದ್ದಾ? ಮೂರು ಥರದ ಬೈಕುಗಳಿಗೆ ಹಾಕಿ ನೋಡಿದಾಗ

ಬಂಕಿನಲ್ಲಿ ‘ನಾರ್ಮಲ್ಲಾ, ಪವರ್ರಾ ಸಾರ್?’ ಎಂದು ಕೇಳಿದಾಗ ಹೆಚ್ಚಿನವರು ಜೇಬು ನೋಡಿಕೊಂಡು ಉತ್ತರ ಕೊಡುತ್ತಾರೆ. ನೋಡಬೇಕಾದ್ದು ಎಂಜಿನ್ನನ್ನು. ದುಬಾರಿ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂಬ ನಂಬಿಕೆ ಬಲವಾಗಿದೆ, ಆದರೆ ಆಕ್ಟೇನ್ ಅಂಕಿ ಶಕ್ತಿಯ ಅಳತೆಯೇ ಅಲ್ಲ. ಸಿಲಿಂಡರಿನೊಳಗೆ ಒತ್ತಡ ಮತ್ತು ಬಿಸಿ ಏರಿದಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ಬಂದು ಮುಟ್ಟುವವರೆಗೂ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಅದು ಹೇಳುತ್ತದೆ. ತಡೆದುಕೊಳ್ಳದಿದ್ದರೆ ಆಗುವುದೇ ನಾಕಿಂಗ್. ನಾಕಿಂಗೇ ಇಲ್ಲದ ಎಂಜಿನ್ನಿಗೆ ಆಕ್ಟೇನ್ ಏರಿಸಿದರೆ ಏನೂ ಸಿಗುವುದಿಲ್ಲ.

ಹೋಲಿಕೆಗೆ ನಾವು ತೆಗೆದುಕೊಂಡದ್ದು ಮೂರು ಪೆಟ್ರೋಲು. ಒಂದು, ಎಲ್ಲ ಬಂಕಿನಲ್ಲೂ ಸಿಗುವ ಸಾದಾ ಇ20, ಅಂದರೆ ಶೇ 20 ಎಥನಾಲ್ ಬೆರೆತದ್ದು. ಎರಡನೆಯದು ಎಕ್ಸ್‌ಪಿ95, ಪವರ್95 ಥರದ 95 ಆಕ್ಟೇನಿನದು. ಮೂರನೆಯದು ಎಕ್ಸ್‌ಪಿ100, ಇದನ್ನು ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು, ಬೆಂಗಳೂರಿಗೆ ಬಂದದ್ದು ಎರಡನೇ ಹಂತದಲ್ಲಿ. ಬೈಕುಗಳೂ ಮೂರು ಥರದವು: 9.5:1 ಕಂಪ್ರೆಷನ್ನಿನ (ಪಿಸ್ಟನ್ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಂಕಿ), ಗಾಳಿಯಿಂದ ತಣಿಯುವ 350 ಸಿಸಿ. 12:1ರ ಆಸುಪಾಸಿನ, ರೇಡಿಯೇಟರ್ ಇರುವ ಸಿಂಗಲ್ ಸಿಲಿಂಡರ್. ಕಾರ್ಬುರೇಟರಿನ ಹಳೆಯ ಟೂ ಸ್ಟ್ರೋಕ್.

ಅಳೆಯುವ ಕ್ರಮ ಸರಿಯಿಲ್ಲದಿದ್ದರೆ ಫಲಿತಾಂಶ ನಂಬುವಂತಿಲ್ಲ. ಪೆಟ್ರೋಲು ಬದಲಿಸುವಾಗ ಟ್ಯಾಂಕನ್ನು ರಿಸರ್ವಿಗೆ ಬರುವಷ್ಟು ಖಾಲಿ ಮಾಡಿ, ಮೊದಲ ಫುಲ್ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬಾರದು; ಅದರಲ್ಲಿ ಹಳೆಯದು ಬೆರೆತಿರುತ್ತದೆ. ಎರಡನೇ ಟ್ಯಾಂಕಿನಿಂದ ಮೈಲೇಜ್ ಅಳೆಯಿರಿ. ಬೈಕನ್ನು ಪ್ರತಿ ಸಲ ಮೇನ್ ಸ್ಟ್ಯಾಂಡಿನಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸಿ, ಕತ್ತಿನವರೆಗೆ ಒಂದೇ ಗುರುತಿಗೆ ತುಂಬಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ತುಂಬಿಸಿದರೆ ಅರ್ಧ ಲೀಟರ್ ಅಲ್ಲೇ ತಪ್ಪುತ್ತದೆ. ಟೈರಿನ ಗಾಳಿ ತಣ್ಣಗಿರುವಾಗಲೇ ನೋಡಬೇಕು.

350 ಸಿಸಿ ಬೈಕಿನಲ್ಲಿ ಮೂರು ಪೆಟ್ರೋಲಿಗೂ ಏನೂ ವ್ಯತ್ಯಾಸವಿಲ್ಲ. ಎಳೆತ ಅದೇ, ಸದ್ದು ಅದೇ. ಮೈಲೇಜ್‌ನಲ್ಲಿ ಕಂಡ ಏರಿಳಿತ, ಸಾದಾ ಪೆಟ್ರೋಲಿನ ಒಂದು ಟ್ಯಾಂಕಿಗೂ ಇನ್ನೊಂದು ಟ್ಯಾಂಕಿಗೂ ಕಾಣುವಷ್ಟೇ. ಕಾರಣ ಸರಳ. ಈ ಎಂಜಿನ್ನಿನ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಸಾದಾ ಪೆಟ್ರೋಲಿಗೆಂದೇ ಕೂರಿಸಿದ್ದು. ನಾಕ್ ಸೆನ್ಸರ್ ಇಲ್ಲದ್ದರಿಂದ ಟ್ಯಾಂಕಿಗೆ 100 ಬಂದಿದೆಯೆಂದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಗೊತ್ತಾಗುವುದೇ ಇಲ್ಲ. ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲಿನ ಪ್ರಮಾಣವನ್ನಷ್ಟೇ ತಿದ್ದುತ್ತದೆ, ಟೈಮಿಂಗನ್ನಲ್ಲ. ಕ್ಲಾಸಿಕ್ 350, ಎಫ್‌ಜ಼ೆಡ್ ಮುಂತಾದ 9.5:1 ಬೈಕುಗಳಿಗೂ, ಹಳೆಯ 8.5:1 ಬುಲೆಟ್ಟಿಗೂ ಇದೇ ಮಾತು. ಬಿಎಂಡಬ್ಲ್ಯು ಆರ್1250ಜಿಎಸ್‌ನಂಥ ನಾಕ್ ಸೆನ್ಸರ್ ಇರುವ ಎಂಜಿನ್ನುಗಳ ಕಥೆ ಬೇರೆ; ಕಡಿಮೆ ಆಕ್ಟೇನ್ ಹಾಕಿದರೆ ಅವು ಟೈಮಿಂಗನ್ನು ಹಿಂದಕ್ಕೆಳೆದು ಎಂಜಿನ್ ಉಳಿಸಿಕೊಳ್ಳುತ್ತವೆ, ಶಕ್ತಿ ಕೊಂಚ ಬಿಟ್ಟುಕೊಡುತ್ತವೆ.

ನಿಜವಾದ ಪರೀಕ್ಷೆ 12:1 ಬೈಕಿನದು, ಅದೂ ಘಾಟಿಯಲ್ಲಿ. ಸಮತಟ್ಟು ರಸ್ತೆಯಲ್ಲಿ ಮೂರೂ ಒಂದೇ. ಚಾರ್ಮಾಡಿಯ ಏರಿನಲ್ಲಿ ಇಬ್ಬರು ಕೂತು, ಎಂಜಿನ್ ಚೆನ್ನಾಗಿ ಕಾದಿರುವಾಗ, ಒಂದು ಗೇರ್ ಮೇಲೆಯೇ ಇಟ್ಟುಕೊಂಡು ತಿರುವಿನಿಂದ ಹೊರಬರುತ್ತ ಥ್ರಾಟಲ್ ಪೂರ್ತಿ ತಿರುಗಿಸಿದರೆ ಸಾದಾ ಪೆಟ್ರೋಲಿನಲ್ಲಿ ಸಣ್ಣಗೆ ನಾಕಿಂಗ್ ಕೇಳಿಸುತ್ತದೆ: ಟ್ಯಾಂಕಿನ ಕೆಳಗಿನಿಂದ ಕಟಕಟ ಎಂಬ ಒಣ ಲೋಹದ ಸದ್ದು. ಥ್ರಾಟಲ್ ಕೊಂಚ ಬಿಟ್ಟ ಕೂಡಲೇ ಅದು ನಿಲ್ಲಬೇಕು. ನ್ಯೂಟ್ರಲ್‌ನಲ್ಲೂ ಬರುವ, ಆರ್‌ಪಿಎಂ ಜೊತೆ ಏರುವ ಸದ್ದಾದರೆ ಅದು ಟ್ಯಾಪೆಟ್ ಅಥವಾ ಟೈಮಿಂಗ್ ಚೈನು. ಪೆಟ್ರೋಲು ಬದಲಿಸಿ ಪ್ರಯೋಜನವಿಲ್ಲ. ಈ ಪರೀಕ್ಷೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬೇಡ.

95 ಹಾಕಿದಾಗ ಅದೇ ತಿರುವಿನಲ್ಲಿ ಸದ್ದು ತುಸು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. 100ರಲ್ಲಿ ಹೋಯಿತು. ಆದರೆ ಸಾದಾ ಪೆಟ್ರೋಲಿನಲ್ಲೇ ಒಂದು ಗೇರ್ ಇಳಿಸಿದಾಗಲೂ ಪೂರ್ತಿ ಹೋಯಿತು. ಗೇರ್ ಇಳಿಸಲು ದುಡ್ಡು ಕೊಡಬೇಕಿಲ್ಲ.

ಸಾದಾ ಮತ್ತು 95ರ ನಡುವಿನ ಅಂತರ ಇಷ್ಟು ಸಣ್ಣದಾಗಿರುವುದಕ್ಕೆ ಕಾರಣ ಎಥನಾಲ್. ಬಿಎಸ್6 ಪೆಟ್ರೋಲಿಗೆ ಕನಿಷ್ಠ 91 ಆರ್‌ಒಎನ್ (ನಮ್ಮಲ್ಲಿ ಬಳಸುವ ಆಕ್ಟೇನ್ ಅಂಕಿ) ಇರಬೇಕೆಂಬುದು ನಿಯಮವಾಗಿತ್ತು. ಶೇ 20 ಎಥನಾಲ್ ಬೆರೆತ ಮೇಲೆ ಅದು 95ರ ಮಟ್ಟಕ್ಕೆ ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಹಾಗಾಗಿ ಈಗ 95ಕ್ಕೆ ಕೊಡುವ ಹೆಚ್ಚಿನ ದುಡ್ಡು ಮುಖ್ಯವಾಗಿ ಇಂಜೆಕ್ಟರ್, ವಾಲ್ವುಗಳಲ್ಲಿ ಮಸಿ ಕಟ್ಟದಂತೆ ಸೇರಿಸುವ ಡಿಟರ್ಜೆಂಟಿಗೆ. ಅದು ಒಂದು ಟ್ಯಾಂಕಿನಲ್ಲಿ ಅನುಭವಕ್ಕೆ ಬರುವಂಥದ್ದಲ್ಲ.

ಕಂಪ್ರೆಷನ್ ಅಂಕಿಯೊಂದನ್ನೇ ನೋಡಿ ತೀರ್ಮಾನಿಸುವುದೂ ತಪ್ಪು. ಆರ್15 11.6:1, ಹಿಮಾಲಯನ್ 450 11.5:1, ಅಪಾಚೆ ಆರ್‌ಆರ್310 12.17:1. ಆದರೂ ಲಿಕ್ವಿಡ್ ಕೂಲಿಂಗ್, ನಾಲ್ಕು ವಾಲ್ವಿನ ಹೆಡ್ ಇರುವುದರಿಂದ ಸಿಲಿಂಡರ್ ಹೆಡ್ಡಿನ ಬಿಸಿ ಹಿಡಿತದಲ್ಲಿರುತ್ತದೆ. ಪಲ್ಸರ್ ಎನ್‌ಎಸ್200ರಲ್ಲಿ ಮೂರು ಪ್ಲಗ್ ಇರುವುದರಿಂದ ಮಿಶ್ರಣ ಬೇಗ ಉರಿದು ಮುಗಿಯುತ್ತದೆ, ತಾನಾಗಿ ಹೊತ್ತಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕೊನೆಯ ಮಾತು ಓನರ್ಸ್ ಮ್ಯಾನ್ಯುಯಲ್ಲಿನ ಕನಿಷ್ಠ ಆರ್‌ಒಎನ್‌ನದು. 91 ಎಂದಿದ್ದರೆ ಸಾದಾ ಸಾಕು. ಡುಕಾಟಿಯಂತೆ 95 ಎಂದಿದ್ದರೆ 95 ಎಂದು ಬರೆದ ಪಂಪಿನಿಂದಲೇ ಹಾಕಿಸಿ; ದೊಡ್ಡ ಎಂಜಿನ್ನಿನ ಪಿಸ್ಟನ್ನಿನ ಮೇಲೆ ಅಂದಾಜಿನ ಪ್ರಯೋಗ ಬೇಡ.

ದುಡ್ಡಿನ ಲೆಕ್ಕ ನೋಡಿ. ಸಾದಾ ಲೀಟರಿಗೆ 103, 95ರದ್ದು 111, 100ರದ್ದು 160 ರೂಪಾಯಿ ಎಂದಿಟ್ಟುಕೊಳ್ಳಿ. ಸಾದಾದಲ್ಲಿ 45 ಕಿ.ಮೀ. ಕೊಡುವ ಬೈಕು 95ರಲ್ಲಿ 48.5 ಕೊಟ್ಟರೆ ಮಾತ್ರ ದುಡ್ಡು ಸರಿಹೋಗುತ್ತದೆ. 100ರಲ್ಲಾದರೆ 70 ಕೊಡಬೇಕು. ಅಂಥ ಪೆಟ್ರೋಲು ಭೂಮಿಯ ಮೇಲಿಲ್ಲ. 100ರದ್ದರಲ್ಲಿ ಎಥನಾಲ್ ಇಲ್ಲ; ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಲೀಟರಿಗೆ ಶೇ 6-7ರಷ್ಟು ಶಕ್ತಿ ಹೆಚ್ಚಿರುತ್ತದೆ ಎಂಬುದನ್ನು ಸೇರಿಸಿಕೊಂಡರೂ ಲೆಕ್ಕ ಕೂಡುವುದಿಲ್ಲ. ಸಾದಾ ಮತ್ತು 100 ಬೆರೆಸಿ 95 ಮಾಡಿಕೊಳ್ಳುವವರಿದ್ದಾರೆ. 91 ಎಂದೇ ಹಿಡಿದರೆ ಐದು ಪಾಲು ಸಾದಾಕ್ಕೆ ನಾಲ್ಕು ಪಾಲು 100 ಬೇಕು. ಲೀಟರಿಗೆ ಸುಮಾರು 128 ರೂಪಾಯಿ ಬೀಳುತ್ತದೆ. 95 ನೇರವಾಗಿ ಸಿಗುವ ಊರಿನಲ್ಲಿ ಇದು ದಂಡ.

ಮೊದಲು ಬರದಿದ್ದ ನಾಕಿಂಗ್ ಇದ್ದಕ್ಕಿದ್ದಂತೆ ಶುರುವಾದರೆ ದುಬಾರಿ ಪೆಟ್ರೋಲು ಹಾಕಿ ಅದನ್ನು ಮುಚ್ಚಿಡಬೇಡಿ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ನಡುವಿನ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಅಚ್ಚ ಬಿಳಿಯಾಗಿ, ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕಿಗಳಿದ್ದರೆ ಅದು ಪಿಸ್ಟನ್ನಿನಿಂದ ಕಿತ್ತು ಬಂದ ಅಲ್ಯುಮಿನಿಯಂ. ಗಾಡಿ ಅಲ್ಲೇ ನಿಲ್ಲಿಸಿ. ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುವುದು, ತಪ್ಪು ಹೀಟ್ ರೇಂಜಿನ ಪ್ಲಗ್, ಪಿಸ್ಟನ್ ಮೇಲೆ ಕಾರ್ಬನ್, ಕೂಲೆಂಟ್ ಕಡಿಮೆ: ಸಾಮಾನ್ಯವಾಗಿ ಇವುಗಳಲ್ಲೊಂದು ಕಾರಣವಾಗಿರುತ್ತದೆ.

ಅಮೆರಿಕದಲ್ಲಿ ಬೈಕ್ ಓಡಿಸುವ ನಮ್ಮವರಿಗೆ ಒಂದು ಎಚ್ಚರಿಕೆ. ಅಲ್ಲಿನ ಪಂಪಿನ ಅಂಕಿ ಆರ್‌ಒಎನ್ ಮತ್ತು ಎಂಒಎನ್‌ಗಳ (ಇನ್ನೂ ಕಠಿಣ ಸ್ಥಿತಿಯಲ್ಲಿ ಅಳೆದ ಆಕ್ಟೇನ್ ಅಂಕಿ) ಸರಾಸರಿ. ಅಲ್ಲಿನ 87 ಹೆಚ್ಚುಕಡಿಮೆ ಇಲ್ಲಿನ 91. ಮ್ಯಾನ್ಯುಯಲ್ಲಿನಲ್ಲಿ 91 ಆರ್‌ಒಎನ್ ಎಂದಿದ್ದರೆ ಅಲ್ಲಿನ 91ರ ಪಂಪಿಗೆ ಹೋಗಬೇಕಿಲ್ಲ.

ಇನ್ನು ಟೂ ಸ್ಟ್ರೋಕ್. ಆರ್‌ಎಕ್ಸ್100, ಮೈಸೂರಿನ ಯೆಜ್ಡಿಯಂಥ ಗಾಡಿಗಳಿಗೆ ಆಕ್ಟೇನ್ ಸಮಸ್ಯೆಯೇ ಅಲ್ಲ. ಹಳೆಯ ರಬ್ಬರ್ ಪೈಪು, ಫ್ಲೋಟ್ ವಾಲ್ವಿನ ತುದಿ ಎಥನಾಲಿಗೆ ಉಬ್ಬಿ ಮೆತ್ತಗಾಗುವುದೇ ಸಮಸ್ಯೆ. ಎಕ್ಸ್‌ಪಿ100ಕ್ಕೆ ದುಡ್ಡು ಕೊಡುವುದು ಸಾರ್ಥಕವಾಗುವುದು ಇಲ್ಲಿ ಮಾತ್ರ, ಅದೂ ಎಥನಾಲ್ ಇಲ್ಲವೆಂಬ ಕಾರಣಕ್ಕೆ. ಅದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಬೆಂಕಿಯಿಂದ ದೂರ, ಬಯಲಿನಲ್ಲಿ, 100 ಮಿ.ಲೀ. ಗಾಜಿನ ಅಳತೆ ಜಾಡಿಗೆ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲು ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಇ20 ಆದರೆ ಎಥನಾಲ್ ನೀರಿಗಿಳಿದು ಆ ಪದರ 28ರ ಹತ್ತಿರಕ್ಕೆ ಏರುತ್ತದೆ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಇ20 ಪೂರ್ತಿ ಇಳಿಸಿ, ಎಥನಾಲ್ ಇಲ್ಲದ್ದನ್ನು ಕತ್ತಿನವರೆಗೆ ತುಂಬಿ, ಅದು ಕಾರ್ಬುರೇಟರಿಗೆ ತಲುಪುವಂತೆ ಹತ್ತು ನಿಮಿಷ ಓಡಿಸಿ. ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಫ್ಲೋಟ್ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಹರಿಸಿಬಿಡಿ. ಬೌಲಿನಲ್ಲಿ ಪೆಟ್ರೋಲು ಉಳಿದು ಒಣಗಿದರೆ ಪೈಲಟ್ ಜೆಟ್ (ಕಾರ್ಬುರೇಟರಿನ ಸಣ್ಣ ರಂಧ್ರ) ಕಟ್ಟಿಕೊಂಡು, ಬಿಸಿಲು ಬಂದ ಮೇಲೆ ಗಾಡಿ ಚೋಕ್ ಹಾಕಿದರೆ ಮಾತ್ರ ನಿಲ್ಲದೆ ಓಡುತ್ತದೆ.