ಸ್ಟೋಯಿಕ್ ವೀಕ್: ಏಳು ದಿನದ ಪುಕ್ಕಟೆ ಕೋರ್ಸು, ಅಸಲು ಸರಕು ನಾಲ್ಕು ಕಾಲಮ್ಮಿನಲ್ಲಿ

ಸಿಟ್ಟು, ಆತಂಕ, ಹೊಟ್ಟೆಕಿಚ್ಚು ಇವಕ್ಕೆಲ್ಲ ಗ್ರೀಕ್-ರೋಮನ್ ತತ್ತ್ವಶಾಸ್ತ್ರದ ಮದ್ದು ಕೊಡುತ್ತೇವೆ ಅನ್ನುವ ಆ್ಯಪುಗಳಿಗೆ ಈಗ ಬರವಿಲ್ಲ. ಹೆಚ್ಚಿನವು ಬೆಳಿಗ್ಗೆ ಒಂದು ಸುಭಾಷಿತ ಕಳಿಸಿ ತಿಂಗಳಿಗೆ ದುಡ್ಡು ಕೀಳುತ್ತವೆ. ನಮ್ಮ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ ನೋಡು ಎನ್ನುವ ಪ್ರಾಚೀನ ಗ್ರೀಕ್-ರೋಮನ್ ಪಂಥ ಸ್ಟೋಯಿಸಿಸಂ; ಅದನ್ನು ಒಂದು ವಾರ ಬದುಕಿ ನೋಡುವ ಸ್ಟೋಯಿಕ್ ವೀಕ್ ಆ ಜಾತಿಯದಲ್ಲ. 2012ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ತತ್ತ್ವಚಿಂತನೆಯ ಪ್ರಾಧ್ಯಾಪಕ ಕ್ರಿಸ್ಟೊಫರ್ ಗಿಲ್ ಸುತ್ತ ಸೇರಿದ ವಿದ್ವಾಂಸರು ಮತ್ತು ಮನೋಚಿಕಿತ್ಸಕರು ಇದನ್ನು ಶುರು ಮಾಡಿದರು. ಈಗ ಮಾಡರ್ನ್ ಸ್ಟೋಯಿಸಿಸಂ ಸಂಸ್ಥೆಯ ಹೆಸರಿನಲ್ಲಿದೆ. ಶುಲ್ಕವಿಲ್ಲ. ಕೈಪಿಡಿ, ಧ್ವನಿಮುದ್ರಿತ ಧ್ಯಾನ, ಮೊದಲೊಂದು ಕೊನೆಗೊಂದು ಪ್ರಶ್ನಾವಳಿ, ಇಷ್ಟು ಸಿಗುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಸ್ವಲ್ಪ ಮೇಷ್ಟರ ಇಂಗ್ಲಿಷಿನಲ್ಲಿ.

ದಿನಚರಿ ಸರಳ. ಬೆಳಿಗ್ಗೆ ಐದರಿಂದ ಹತ್ತು ನಿಮಿಷ ಆ ದಿನ ಎದುರಾಗಬಹುದಾದದ್ದನ್ನು ನೆನೆಯುವುದು, ಹಗಲಿನಲ್ಲಿ ಆ ದಿನದ ವಿಷಯಕ್ಕೆ ತಕ್ಕ ಒಂದು ಅಭ್ಯಾಸ, ರಾತ್ರಿ ಮತ್ತೆ ಐದರಿಂದ ಹತ್ತು ನಿಮಿಷ ಲೆಕ್ಕ ಒಪ್ಪಿಸುವುದು. ರಾತ್ರಿ ಕೇಳಿಕೊಳ್ಳಬೇಕಾದ್ದು ಮೂರೇ ಪ್ರಶ್ನೆ: ಯಾವುದನ್ನು ಸರಿಯಾಗಿ ಮಾಡಿದೆ, ಎಲ್ಲಿ ಎಡವಿದೆ, ಮುಂದಿನ ಸಲ ಏನು ಬದಲಾಯಿಸುತ್ತೇನೆ. ರೋಮಿನ ಸ್ಟೋಯಿಕ್ ಚಿಂತಕ ಸೆನೆಕಾ ದೀಪ ಆರಿಸಿ, ಹೆಂಡತಿ ಮಾತು ನಿಲ್ಲಿಸಿದ ಮೇಲೆ ಹೀಗೆಯೇ ತನ್ನ ದಿನವನ್ನು ತಪಾಸಣೆ ಮಾಡುತ್ತಿದ್ದುದಾಗಿ ಕೋಪದ ಕುರಿತ ತನ್ನ ಪ್ರಬಂಧದಲ್ಲಿ ಬರೆದಿದ್ದಾನೆ. ಅಲ್ಲೇ ಇನ್ನೊಂದು ಮಾತೂ ಇದೆ: ಇನ್ನು ಹೀಗೆ ಮಾಡಬೇಡ, ಈ ಸಲಕ್ಕೆ ಕ್ಷಮಿಸಿದ್ದೇನೆ, ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆ ಕ್ಷಮೆ ಮರೆತರೆ ಮೂರು ಪ್ರಶ್ನೆಗಳೂ ನಿದ್ದೆಗೆಡಿಸುವ ಆತ್ಮನಿಂದೆಯಾಗುತ್ತವೆ. ಹಾಸಿಗೆಯ ಮೇಲಲ್ಲ, ಕೂತು, ಕೈಯಲ್ಲಿ ಬರೆದು ಮುಗಿಸಿ ಏಳುವುದು ಒಳ್ಳೆಯದು.

ಇಡೀ ಕೋರ್ಸಿನಲ್ಲಿ ಬೆಲೆಬಾಳುವ ವಸ್ತು ಕೈಪಿಡಿಯೊಳಗಿನ ಸ್ವಯಂ ದಾಖಲೆಯ ಹಾಳೆ. ನಾಲ್ಕು ಕಾಲಂ: ಸಂದರ್ಭ, ಭಾವನೆ, ಆಗ ಬಂದ ಯೋಚನೆ, ಇದರಲ್ಲಿ ನನ್ನ ಕೈಯಲ್ಲಿದ್ದದ್ದು ಎಷ್ಟು. ತುಂಬಿದ ಸಾಲು ಹೀಗಿರಬೇಕು. ಬುಧವಾರ ರಾತ್ರಿ 8:40, ಊಟದ ಹೊತ್ತು, ಮಗ ಫೋನ್ ಕೆಳಗಿಡಲಿಲ್ಲ. ಸಿಟ್ಟು, ಹತ್ತಕ್ಕೆ ಏಳು, ದವಡೆ ಬಿಗಿ. ಈ ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಅವನು ಫೋನ್ ಇಡುವುದು ನನ್ನ ಕೈಯಲ್ಲಿಲ್ಲ, ನಾನು ಹೇಳುವ ದನಿ ಮತ್ತು ಹೇಳುವ ಹೊತ್ತು ನನ್ನ ಕೈಯಲ್ಲಿದೆ.

ಹಾಳೆ ಕೆಡುವುದು ಮೂರನೇ ಕಾಲಮ್ಮಿನಲ್ಲಿ. ಅಲ್ಲಿ 'ಬೇಜಾರಾಯಿತು' ಅಂತ ಬರೆದರೆ ಅದು ಎರಡನೆಯದರ ಪುನರುಕ್ತಿ. 'ಅವನು ಯಾವಾಗಲೂ ಹೀಗೇ' ಅಂತ ಬರೆದರೆ ಅದು ಮೊದಲನೆಯದಕ್ಕೆ ಬಾಲಂಗೋಚಿ. ಕನ್ನಡದಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ. ಸಂದರ್ಭವನ್ನು ಹೇಳಿ, ಕೊನೆಗೆ 'ಅಂದರೆ' ಸೇರಿಸಿ. "ಮಗ ಫೋನ್ ಕೆಳಗಿಡಲಿಲ್ಲ, ಅಂದರೆ..." ಆಮೇಲೆ ತಾನಾಗಿ ಬಾಯಿಗೆ ಬರುವುದೇ ಮೂರನೇ ಕಾಲಮ್ಮಿನ ಮಾಲು. ಮನುಷ್ಯರನ್ನು ಕದಡುವುದು ಘಟನೆಗಳಲ್ಲ, ಘಟನೆಗಳ ಬಗ್ಗೆ ಅವರು ಕೊಟ್ಟುಕೊಂಡ ತೀರ್ಪು ಎಂದು ಸ್ಟೋಯಿಕ್ ಗುರು ಎಪಿಕ್ಟೀಟಸ್ ಹೇಳಿದ್ದು ಈ 'ಅಂದರೆ'ಯ ಬಗ್ಗೆಯೇ. ಗುಲಾಮನಾಗಿದ್ದು ಬಿಡುಗಡೆಯಾಗಿ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಪಾಠ ಹೇಳಿದ ಈತನ ಮಾತನ್ನು 20ನೇ ಶತಮಾನದಲ್ಲಿ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲಿಸ್ ತನ್ನ ಚಿಕಿತ್ಸಾ ವಿಧಾನದ ಬುನಾದಿಯಾಗಿ ಬಳಸಿದರು, ಮನೋವೈದ್ಯ ಆರನ್ ಬೆಕ್ ಕೂಡ ಸ್ಟೋಯಿಕರ ಋಣ ಒಪ್ಪಿಕೊಂಡರು. ಹಾಳೆ ಇವತ್ತಿನ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಚಿಕಿತ್ಸಕರು ಕೊಡುವ ಹೋಂವರ್ಕಿನಂತೆ ಕಾಣುವುದು ಅದಕ್ಕೇ.

ನಾಲ್ಕನೇ ಕಾಲಂನಲ್ಲಿ ಬೇರೆ ಥರದ ತಪ್ಪು. ಸಿಟ್ಟೇ ಬರಬಾರದು ಅಂತ ಹಟ ಹಿಡಿದವರು ಎರಡು ದಿನಕ್ಕೆ ಸೋಲುತ್ತಾರೆ. ಎದೆ ಡವಗುಟ್ಟುವುದು, ಮುಖ ಬಿಳುಚುವುದು, ಕಿವಿ ಬಿಸಿಯಾಗುವುದು ನಮ್ಮ ವಶದಲ್ಲಿಲ್ಲ ಎಂದು ಸ್ಟೋಯಿಕರೇ ಒಪ್ಪಿದ್ದಾರೆ; ಸೆನೆಕಾ ಇವನ್ನು ಕೋಪಕ್ಕೆ ಮೊದಲಿನ ಚಲನೆಗಳು ಎಂದು ಬೇರೆ ಮಾಡಿ ಇಡುತ್ತಾನೆ. ರೋಮನ್ ಲೇಖಕ ಆಲಸ್ ಗೆಲಿಯಸ್ ಹೇಳುವ ಪ್ರಸಂಗವೊಂದರಲ್ಲಿ, ಸಮುದ್ರದ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹೆಸರಾಂತ ಸ್ಟೋಯಿಕನೊಬ್ಬ ಎಲ್ಲರಂತೆ ಬಿಳುಚಿಕೊಳ್ಳುತ್ತಾನೆ. ಕೇಳಿದವನಿಗೆ ಅವನು ಚೀಲದಿಂದ ಎಪಿಕ್ಟೀಟಸ್‌ನ ಪುಸ್ತಕ ತೆಗೆದು ತೋರಿಸುತ್ತಾನೆ: ಮೊದಲ ಕ್ಷಣ ಬೆಚ್ಚುವುದು ಜ್ಞಾನಿಗೂ ತಪ್ಪಿದ್ದಲ್ಲ, ಅದಕ್ಕೆ 'ಹೌದು, ಇದು ಘೋರ' ಎಂದು ಸಹಿ ಹಾಕುವುದು ಮಾತ್ರ ಅವನ ಆಯ್ಕೆ. ಆದ್ದರಿಂದ ನಾಲ್ಕನೇ ಕಾಲಂನಲ್ಲಿ 'ಸಿಟ್ಟು ಬರದಂತೆ ನೋಡಿಕೊಳ್ಳುತ್ತೇನೆ' ಅಂತ ಬರೆದಿದ್ದರೆ ಹೊಡೆದುಹಾಕಿ. ಕೈಪಿಡಿ ಈ ಭೇದವನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಫಲಿತಾಂಶದ ಚಿಂತೆಗೆ ಮಾತ್ರ ಕೋರ್ಸಿನ ಮದ್ದು ಪಕ್ಕಾ. ಗುರಿಯಿಟ್ಟು ಬಾಣ ಬಿಡುವವರೆಗೆ ಬಿಲ್ಲುಗಾರನ ಕೆಲಸ, ಗುರಿಗೆ ತಾಗುವುದು ಅವನದಲ್ಲ ಎಂಬ, ರೋಮಿನ ವಾಗ್ಮಿ ಸಿಸೆರೊ ದಾಖಲಿಸಿದ ಹೋಲಿಕೆ ಇದರ ಬೇರು. ಯಾವ ಯೋಜನೆಗೂ 'ಏನೂ ಅಡ್ಡಿ ಬರದಿದ್ದರೆ' ಅನ್ನುವ ಬಾಲ ಸೇರಿಸಿ ಹೇಳಿಕೊಳ್ಳಬೇಕು. 'ದೇವರು ನಡೆಸಿಕೊಟ್ಟರೆ' ಅಂತ ಬಾಯಿಪಾಠ ಹೇಳುವ ನಮಗೆ ಇದು ಹೊಸದಲ್ಲ. ಹೇಳುವಾಗ ನಂಬುವುದೊಂದೇ ಬಾಕಿ.

ಎಚ್ಚರಿಕೆ ಬೇಕಾದದ್ದು ಕೆಡುಕನ್ನು ಮುಂಚಿತವಾಗಿ ಕಲ್ಪಿಸಿಕೊಳ್ಳುವ ಅಭ್ಯಾಸದಲ್ಲಿ. ಕೆಲಸ ಹೋಗುವುದು, ಕಾಯಿಲೆ ಬೀಳುವುದು ಇತ್ಯಾದಿಯನ್ನು ಕಣ್ಣೆದುರು ತಂದುಕೊಳ್ಳುವುದು. ಮೊದಲೇ ಆತಂಕದ ಸ್ವಭಾವದವರು ಇದನ್ನು ಎರಡು ನಿಮಿಷ ಮಾಡಿ, ಭಯ ನೆತ್ತಿಗೇರಿದಾಗ ಎದ್ದುಬಿಡುತ್ತಾರೆ. ತಪ್ಪಿಸಿಕೊಂಡಾಗ ಸಿಗುವ ನಿರಾಳ ಭಯವನ್ನೇ ಗಟ್ಟಿ ಮಾಡುತ್ತದೆ. ಭಯಕ್ಕೆ ಹತ್ತಕ್ಕೆ ಮೂರೋ ನಾಲ್ಕೋ ಅಂಕ ಕೊಡುವಂಥ ಸಂಗತಿ ಆರಿಸಿ, ಉದಾಹರಣೆಗೆ ಮೀಟಿಂಗಿನಲ್ಲಿ ಮೇಲಧಿಕಾರಿ ಎಲ್ಲರೆದುರು ತಪ್ಪು ಎತ್ತಿ ತೋರಿಸುವುದು. ಅದೇ ದೃಶ್ಯದಲ್ಲಿ, ಅಂಕ ಅರ್ಧಕ್ಕೆ ಇಳಿಯುವ ತನಕ ಕೂತಿರಿ. ಇಪ್ಪತ್ತು ನಿಮಿಷ ಹಿಡಿದರೂ ಹಿಡಿಯಬಹುದು. ದೃಶ್ಯದಿಂದ ದೃಶ್ಯಕ್ಕೆ ಹಾರುತ್ತಿದ್ದರೆ ಅದು ಅಭ್ಯಾಸವಲ್ಲ, ಮಾಮೂಲಿ ಚಿಂತೆ. ಪ್ಯಾನಿಕ್ ಅಟ್ಯಾಕ್ ಆಗುವವರು, ಇತ್ತೀಚೆಗೆ ಸಾವು ಅಥವಾ ಅಪಘಾತ ಕಂಡವರು ಈ ದಿನವನ್ನು ಬಿಟ್ಟು ಮುಂದೆ ಹೋಗಲಿ.

ಆಕಾಶದಿಂದ ಭೂಮಿಯನ್ನು ನೋಡುವ ಧ್ಯಾನ ಹಿತವಾಗಿದೆ, ಅದಕ್ಕಿಂತ ಹೆಚ್ಚೇನಿಲ್ಲ. ಸಂಬಂಧಗಳ ಅಭ್ಯಾಸದಲ್ಲಿ 2ನೇ ಶತಮಾನದ ಸ್ಟೋಯಿಕ್ ಹಿಯರೊಕ್ಲೀಸ್‌ನ ವೃತ್ತಗಳು ಬರುತ್ತವೆ: ನಾನು, ಮನೆಯವರು, ನೆಂಟರು, ಊರವರು, ಮನುಷ್ಯಕುಲ. ಹೊರಗಿನ ವೃತ್ತವನ್ನು ಒಂದೊಂದೇ ಸುತ್ತು ಒಳಗೆಳೆಯಬೇಕು. ಅದಕ್ಕೆ ಆತ ಕೊಡುವ ಉಪಾಯ ತಮಾಷೆಯಾಗಿದೆ: ದಾಯಾದಿಗಳನ್ನು ಅಣ್ಣತಮ್ಮ ಅನ್ನಿ, ಅಪ್ಪ ಅಮ್ಮನ ಒಡಹುಟ್ಟಿದವರನ್ನು ಅಪ್ಪ ಅಮ್ಮ ಅನ್ನಿ. ದೊಡ್ಡಪ್ಪ, ಚಿಕ್ಕಮ್ಮ ಅಂತ ಕರೆಯುತ್ತಲೇ ಆಸ್ತಿಗಾಗಿ ಕೋರ್ಟು ಹತ್ತುವ ಮನೆಗಳನ್ನು ಅವನು ನೋಡಿರಲಿಕ್ಕಿಲ್ಲ.

ಇನ್ನು ಅಳತೆ. ಕೊಡುವ ಪ್ರಶ್ನಾವಳಿಗಳಲ್ಲಿ ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರ 1985ರ ಜೀವನತೃಪ್ತಿ ಮಾಪಕವೂ ಇದೆ: ಐದು ಹೇಳಿಕೆ, ಪ್ರತಿಯೊಂದಕ್ಕೆ 1ರಿಂದ 7 ಅಂಕ, ಒಟ್ಟು 5ರಿಂದ 35, ನಡುಮಧ್ಯ 20. ಭಾಗವಹಿಸಿದವರ ಸರಾಸರಿ ವಾರದ ಕೊನೆಗೆ ಏರುತ್ತದೆ ಎಂದು ವರದಿಗಳು ಹೇಳುತ್ತವೆ, ಆದರೆ ಹೋಲಿಸಲು ನಿಯಂತ್ರಣ ಗುಂಪಿಲ್ಲ, ಅಂದರೆ ಕೋರ್ಸು ಮಾಡದವರ ಅಂಕ ಇಲ್ಲ. ಕೊನೆಯ ಪ್ರಶ್ನಾವಳಿಯ ತನಕ ಉಳಿಯುವವರು ಹೇಗೂ ಕೋರ್ಸನ್ನು ಮೆಚ್ಚಿದವರು. ತಂಡದವರೇ ಈ ಮಿತಿಯನ್ನು ಮುಚ್ಚಿಡದಿರುವುದು ಮೆಚ್ಚಬೇಕಾದ್ದು. ನಿಮ್ಮದೇ ಅಂಕವನ್ನು ಒಂದು ವಾರದ ಬದಲು ನಾಲ್ಕು ವಾರದ ಮೇಲೆ ಹೋಲಿಸಿ. ಏಳು ದಿನಕ್ಕೆ ಏಳು ವಿಷಯ ಹಾರುವುದು ಈ ಕೋರ್ಸಿನ ದೊಡ್ಡ ದೋಷ. ಹಾಳೆ ಹಿಡಿತಕ್ಕೆ ಬರುವಷ್ಟರಲ್ಲಿ ಭಾನುವಾರ ಬಂದಿರುತ್ತದೆ. ಇದೇ ತಂಡ ನಾಲ್ಕು ವಾರದ ಇನ್ನೊಂದು ತರಬೇತಿ ರೂಪಿಸಿದ್ದು ಸುಮ್ಮನಲ್ಲ.

ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದ್ದರೆ ಇದು ತಕ್ಕ ಸಾಧನವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಉಳಿದವರು ಅಧಿಕೃತ ವಾರಕ್ಕೆ ಕಾಯಬೇಕಿಲ್ಲ, ಹಳೆಯ ಕೈಪಿಡಿಗಳೇ ಸಾಕು. ಸೋಮವಾರದ ಬದಲು ಶುಕ್ರವಾರ ಸಂಜೆ ಶುರು ಮಾಡಿ, ಒಂದೇ ಭಾವನೆ ಆರಿಸಿ, ದಿನಕ್ಕೆ ಎರಡೇ ಸಾಲು ಬರೆಯಿರಿ. ಮನೆಮಂದಿಯೆಲ್ಲ ಒಂದೇ ಸೂರಿನಡಿ ಸೇರುವ ಶನಿವಾರ, ಭಾನುವಾರಗಳಲ್ಲಿ ಹಾಳೆ ತುಂಬಲು ಏನೂ ಹುಡುಕಬೇಕಾಗಿಲ್ಲ.