ತುಮಕೂರು ಬಿ.ಎಚ್. ರೋಡ್ ಹತ್ರ ಫಿಸಿಯೋ ಕ್ಲಿನಿಕ್, ಅಪ್ಪನ ಉಸಿರಾಟಕ್ಕೆ ಹೋಗಿದ್ವಿ

ನ್ಯುಮೋನಿಯಾ ವಾಸಿಯಾದ್ಮೇಲೂ ಅಪ್ಪಂಗೆ ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು, ಡಾಕ್ಟ್ರು ಉಸಿರಾಟದ ವ್ಯಾಯಾಮ ಕಲೀರಿ ಅಂತ ಇಲ್ಲಿಗೆ ಕಳ್ಸಿದ್ರು. ಮೇಡಂ ಮೊದ್ಲು ಮಾಡೆಲ್ ಇಟ್ಕೊಂಡು ವಪೆ ಅಂದ್ರೇನು ಅಂತ ಬಿಡ್ಸಿ ಹೇಳಿದ್ರು, ಎದೆಗೂ ಹೊಟ್ಟೆಗೂ ಮಧ್ಯ ಬಿಚ್ಚಿದ ಕೊಡೆ ಥರ ಇರೋ ಮಾಂಸಖಂಡ, ಉಸಿರು ಎಳ್ಕೊಂಡಾಗ ಕೆಳಗಿಳಿಯುತ್ತೆ, ಕೆಳಗೆ ಲಿವರ್ ಇರೋದ್ರಿಂದ ಬಲಗಡೆ ಸ್ವಲ್ಪ ಮೇಲಿರುತ್ತೆ, ಆದ್ರೆ ಅದನ್ನ ಆಡ್ಸೋ ನರ ಹುಟ್ಟೋದು ಕತ್ತಲ್ಲಿ, 3, 4, 5ನೇ ನರಗಳಿಂದ, ಅದಕ್ಕೇ ವಪೆ ಕೆರಳಿದ್ರೆ ನೋವು ಭುಜದಲ್ಲಿ ಕಾಣ್ಸುತ್ತಂತೆ! "ಯಜಮಾನ್ರೇ, ಎದೆ ಎತ್ಬೇಡಿ, ಹೊಟ್ಟೆ ಉಬ್ಬಲಿ" ಅಂತ ಎಷ್ಟ್ ಸಲ ಆದ್ರೂ ಬೇಜಾರಿಲ್ದೆ ಹೇಳ್ಕೊಟ್ರು. ಮೂರು ವಾರಕ್ಕೆ ಅಪ್ಪ ಮಹಡಿಗೆ ನಿಲ್ದೆ ಹತ್ತಿದ್ರು, ನಂಗೆ ಕಣ್ಣಲ್ಲಿ ನೀರೇ ಬಂತು. ಸಂಜೆ ರಶ್ಶು, ಬೆಳಿಗ್ಗೇನೇ ಹೋಗಿ.